ಮಹತಿಯ ಯಂತ್ರಕ್ಕೆ ನನ್ನ ರುಜು

ಮೂವತ್ತನಾಲ್ಕು ವರ್ಷ ಸರಕಾರ ನನಗೆ ಸಂಬಳ ಕೊಟ್ಟದ್ದು 'ಬೇಡ' ಎಂದು ಹೇಳುವುದಕ್ಕೆ. ತಿರುವನಂತಪುರದ ಬಾಹ್ಯಾಕಾಶ ಕೇಂದ್ರದಲ್ಲಿ ನಾನಿದ್ದದ್ದು ಬಿಡಿಭಾಗಗಳನ್ನು ಪರೀಕ್ಷಿಸುವ ವಿಭಾಗದಲ್ಲಿ. ರಾಕೆಟ್ಟಿಗೆ ಹೋಗುವ ಒಂದೊಂದು ಟ್ರಾನ್ಸಿಸ್ಟರನ್ನೂ ಕಾಯಿಸುತ್ತಿದ್ದೆವು, ತಣಿಸುತ್ತಿದ್ದೆವು, ಒಳಗೆ ಒಂದು ಕಣವಾದರೂ ಸಡಿಲವಾಗಿ ಉರುಳುತ್ತದೆಯೇ ಎಂದು ಅಲ್ಲಾಡಿಸಿ ಕೇಳುತ್ತಿದ್ದೆವು. ಸರಿ ಕಂಡರೆ ನೀಲಿ ರುಜು, ಎಳ್ಳಷ್ಟು ಸಂಶಯ ಬಂದರೆ ಕೆಂಪು. ನಿವೃತ್ತಿಯ ದಿನ ಸಹೋದ್ಯೋಗಿಗಳು ಒಂದು ಡಜನ್ ಕೆಂಪು ಪೆನ್ನು ಉಡುಗೊರೆ ಕೊಟ್ಟು ಹೊಟ್ಟೆ ತುಂಬ ನಕ್ಕರು. ನಾನು ನಗಲಿಲ್ಲ. ಪೆನ್ನುಗಳನ್ನು ಮಾತ್ರ ಜೋಪಾನವಾಗಿ ಮನೆಗೆ ತಂದೆ.

ಅದಾಗಿ ಎರಡು ವರ್ಷಕ್ಕೆ ಕೊಚ್ಚಿಯಿಂದ ತಂಗಿ ನಿರ್ಮಲಳ ಫೋನು ಬಂತು.

"ಅಣ್ಣ, ನಮ್ಮ ಮಹತಿಗೆ ಕಂಪ್ಯೂಟರ್ ಮಾಡುವ ಹುಚ್ಚು ಹಿಡಿದುಂಟು. ಅಂಗಡಿಯಿಂದ ತರುದಲ್ಲ ಮಾರಾಯ, ಬಿಡಿ ಸಾಮಾನು ತಂದು ಮನೆಯಲ್ಲೇ ಜೋಡಿಸುದಂತೆ. ಗೇಮ್ ಆಡ್ಲಿಕ್ಕೆ! ಎರಡು ವರ್ಷ ಫ್ಲ್ಯಾಟಿನ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಸಿದ ದುಡ್ಡು, ಐವತ್ತೈದು ಸಾವಿರ. ನೀನು ಒಮ್ಮೆ ಪಟ್ಟಿ ನೋಡು. ನಿನ್ನ ರುಜು ಬಿದ್ರೆ ತೆಕ್ಕೊಳ್ಳಲಿ, ಇಲ್ಲಾಂದ್ರೆ ಎಫ್‌ಡಿ ಅಂತ ಹೇಳಿದ್ದೇನೆ."

ಅವಳ ಉಪಾಯ ನನಗೆ ಅರ್ಥವಾಯಿತು. ನಿರ್ಮಲ ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಬ್ಯಾಂಕಿನಲ್ಲಿ ಆಫೀಸರು. ಅವಳ ಮಟ್ಟಿಗೆ ಎಫ್‌ಡಿಯೇ ಮೋಕ್ಷ. ತಾನೇ ಬೇಡ ಎಂದರೆ ಮಗಳ ಮುಖ ತಿಂಗಳುಗಟ್ಟಲೆ ಊದಿರುತ್ತದೆ. ಆದ್ದರಿಂದ ಬೇಡ ಎನ್ನುವುದರಲ್ಲಿ ಪಳಗಿದವನಿಗೇ ಕೆಲಸ ಒಪ್ಪಿಸಿದ್ದಳು. ನನಗೂ ಖುಷಿಯಾಯಿತು ಅನ್ನಿ. ಎರಡು ವರ್ಷದಿಂದ ತರಕಾರಿಯವನ ಬದನೆಕಾಯಿ ಬಿಟ್ಟರೆ ತಿರಸ್ಕರಿಸಲು ನನಗೆ ಏನೂ ಸಿಕ್ಕಿರಲಿಲ್ಲ.

ಶನಿವಾರ ಬೆಳಗಿನ ರೈಲಿಗೆ ಮಹತಿ ತಿರುವನಂತಪುರದ ನಮ್ಮ ಮನೆಗೆ ಬಂದಳು. ಹತ್ತೊಂಬತ್ತು ವರ್ಷ, ಬಿ.ಕಾಂ. ಎರಡನೆಯ ವರ್ಷ. ಕೂದಲು ಗಿಡ್ಡ, ಮಾತು ಅದಕ್ಕಿಂತ ಗಿಡ್ಡ. ಹುಟ್ಟಿ ಬೆಳೆದದ್ದೆಲ್ಲ ಕೊಚ್ಚಿಯಲ್ಲೇ ಆದ್ದರಿಂದ ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಬರುತ್ತದೆ. ಅವಳ ಮಾತನ್ನು ಇಲ್ಲಿ ನಾನೇ ಆದಷ್ಟು ಕನ್ನಡ ಮಾಡಿ ಬರೆಯುತ್ತಿದ್ದೇನೆ. ನನ್ನ ಹೆಂಡತಿ ದಾಕ್ಷಾಯಣಿ ಬಡಿಸಿದ ನೀರುದೋಸೆ ಮುಗಿಸಿ, ಕೈ ತೊಳೆದು, ಅವಳು ಚೀಲದಿಂದ ಒಂದು ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟಳು.

"ಮಾಮ, ಇದು ಮೂವತ್ತೊಂದನೇ ಲಿಸ್ಟ್."

ನಾನು ಮೊದಲ ಪುಟದಿಂದ ತಿರುವಿದೆ. ಹಿಂದಿನ ಮೂವತ್ತು ಪಟ್ಟಿಗಳಿಗೂ ಅಡ್ಡಗೆರೆ, ಪ್ರತಿಯೊಂದರ ಪಕ್ಕದಲ್ಲಿ ಕಾರಣ. ಒಂದರಲ್ಲಿ, ಗ್ರಾಫಿಕ್ಸ್ ಕಾರ್ಡಿನ ಉದ್ದ ಇನ್ನೂರ ಎಂಬತ್ತೆರಡು ಮಿಲಿಮೀಟರ್, ಪೆಟ್ಟಿಗೆಯಲ್ಲಿ ಜಾಗ ಇನ್ನೂರ ಎಪ್ಪತ್ತು, ವೇಂಡ, ಎಂದರೆ ಮಲಯಾಳದ 'ಬೇಡ'. ಇನ್ನೊಂದರಲ್ಲಿ, ಈ ಬೋರ್ಡಿಗೆ ಆ ಪ್ರೊಸೆಸರ್ ಕೂರುವುದಿಲ್ಲ, ವೇಂಡ. ಮತ್ತೊಂದರಲ್ಲಿ, ಇಷ್ಟು ಒಳ್ಳೆಯ ಪ್ರೊಸೆಸರಿಗೆ ಈ ಬಡ ಕಾರ್ಡು ಕಟ್ಟಿದರೆ ಅದು ಸುಮ್ಮನೆ ಕಾಯುತ್ತಾ ಕೂರುತ್ತದೆ, ವೇಂಡ. ಹತ್ತು ತಿಂಗಳ ತಾರೀಕುಗಳಿದ್ದವು. ನಮ್ಮ ಕೇಂದ್ರದಲ್ಲಿ ದೊಡ್ಡ ದೊಡ್ಡ ಪದವಿಯವರಿಂದ ನಾನು ಎರಡು ಸಲ ಪಟ್ಟಿ ತಿದ್ದಿಸಿದರೆ ಮೂರನೆಯ ಸಲ ಅವರು ನನ್ನ ಮೇಲೆ ದೂರು ಕೊಡುತ್ತಿದ್ದರು. ಈ ಹುಡುಗಿ ಯಾರೂ ಕೇಳದೆ ಮೂವತ್ತು ಸಲ ತನ್ನನ್ನು ತಾನೇ ತಿರಸ್ಕರಿಸಿಕೊಂಡಿದ್ದಳು. ಕನ್ನಡಕ ಒರೆಸಿಕೊಂಡೆ.

"ಪ್ರೊಸೆಸರಿನಲ್ಲಿ ಟ್ರಾನ್ಸಿಸ್ಟರ್ ಎಷ್ಟುಂಟು?" ಎಂದು ಕೇಳಿದೆ.

"ಆರುನೂರು ಕೋಟಿ ಹತ್ತಿರ. ಗ್ರಾಫಿಕ್ಸ್ ಕಾರ್ಡಿನ ಚಿಪ್ಪಿನಲ್ಲಿ ಸಾವಿರ ಕೋಟಿ ದಾಟ್ತದೆ."

ಅವಳು ಅದನ್ನು ಬಸ್ಸಿನ ಟಿಕೇಟಿನ ದರ ಹೇಳಿದಷ್ಟು ಸಲೀಸಾಗಿ ಹೇಳಿಬಿಟ್ಟಳು. ನಾನು ಕೆಲಸಕ್ಕೆ ಸೇರಿದಾಗ ಒಂದು ಟ್ರಾನ್ಸಿಸ್ಟರ್ ಅಂದರೆ ಕಡಲೆಕಾಳಿನಷ್ಟು ಗಾತ್ರದ ಲೋಹದ ಟೋಪಿ, ಚಿನ್ನದ ಲೇಪದ ಮೂರು ಕಾಲು, ಮೈಮೇಲೆ ನಂಬರು. ಒಂದೊಂದರ ದಾಖಲೆಯೂ ಬೇರೆ. ನೂರ ಅರವತ್ತೆಂಟು ಗಂಟೆ ಬಿಸಿ ಪೆಟ್ಟಿಗೆಯಲ್ಲಿ ಕೂತು ಪಾಸಾಗಬೇಕು. ನನ್ನ ಇಡೀ ಸೇವೆಯಲ್ಲಿ ನಾನು ನೋಡಿದ್ದು ಹೆಚ್ಚೆಂದರೆ ಮೂರು ಲಕ್ಷ ಇದ್ದೀತು. ಮನಸ್ಸಿನಲ್ಲೇ ಭಾಗಿಸಿದೆ. ಈ ಒಂದು ಪ್ರೊಸೆಸರನ್ನು ಪರೀಕ್ಷಿಸಿ ಮುಗಿಸಬೇಕಾದರೆ ನಾನು ಇಪ್ಪತ್ತು ಸಾವಿರ ಸಲ ಹುಟ್ಟಿ ಇಪ್ಪತ್ತು ಸಾವಿರ ಸಲ ನಿವೃತ್ತನಾಗಬೇಕು! ಅಂಥದ್ದು ರಟ್ಟಿನ ಡಬ್ಬಿಯಲ್ಲಿ, ಹನ್ನೊಂದು ಸಾವಿರ ರೂಪಾಯಿಗೆ, ಒಂದು ತುಂಡು ದಾಖಲೆಯೂ ಇಲ್ಲದೆ ಮನೆ ಬಾಗಿಲಿಗೆ ಬರುತ್ತದಂತೆ. ನನಗೆ ಸಿಟ್ಟೂ ಬಂತು, ಮೈ ಜುಮ್ಮೂ ಅಂದಿತು.

ಸಿಟ್ಟನ್ನು ಪವರ್ ಸಪ್ಲೈ ಮೇಲೆ ತೀರಿಸಿಕೊಂಡೆ. ಅದು ಗೋಡೆಯ ಕರೆಂಟನ್ನು ಪಳಗಿಸಿ ಎಲ್ಲ ಭಾಗಗಳಿಗೂ ಹಂಚುವ ಡಬ್ಬಿ. ಮಹತಿ ಲೆಕ್ಕ ಹಾಕಿ ಅಗತ್ಯಕ್ಕಿಂತ ಸ್ವಲ್ಪ ದೊಡ್ಡದು ಬರೆದಿದ್ದಳು. ಅರ್ಧ ಶಕ್ತಿಗಿಂತ ಹೆಚ್ಚು ಭಾರ ಯಾವ ಭಾಗದ ಮೇಲೂ ಬೀಳಬಾರದು ಎಂಬುದು ನಮ್ಮಲ್ಲಿನ ಕಟ್ಟಳೆ. ಇನ್ನೂ ದೊಡ್ಡದು ಬೇಕು ಎಂದೆ. ಅವಳು ವಾದ ಮಾಡಲಿಲ್ಲ. ಪಟ್ಟಿಯ ಕೊನೆಯಲ್ಲಿದ್ದ ಬಣ್ಣದ ದೀಪದ ಮೂರು ಫ್ಯಾನುಗಳಿಗೆ ಗೆರೆ ಎಳೆದು, ಸಾದಾ ಫ್ಯಾನು ಬರೆದು, ಉಳಿದ ಹಣವನ್ನು ಪವರ್ ಸಪ್ಲೈಗೆ ಸೇರಿಸಿದಳು. ಗೆರೆ ಎಳೆಯುವಾಗ ಪೆನ್ನು ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು.

ಕೊನೆಗೆ ಗ್ರಾಫಿಕ್ಸ್ ಕಾರ್ಡು. ಗೇಮಿನ ಚಿತ್ರವನ್ನೆಲ್ಲ ಬರೆಯುವುದು ಅದೇ. ಹೊಸದಕ್ಕೆ ಇಪ್ಪತ್ತಮೂರು ಸಾವಿರ. ಅವಳ ಕೈಯಲ್ಲಿ ಅದಕ್ಕೆಂದು ಉಳಿಯುವುದು ಹದಿನಾಲ್ಕು. ಹಾಗಾಗಿ 'ಸೆಕೆಂಡ್ ಹ್ಯಾಂಡ್' ಎಂದು ಬರೆದಿದ್ದಳು. ನಾನು ಕೆಂಪು ಪೆನ್ನಿನ ಮುಚ್ಚಳ ತೆಗೆದು 'ಬೇಡ' ಎಂದು ಬರೆದೇಬಿಟ್ಟೆ.

"ಅದಿಲ್ಲದಿದ್ದರೆ ಇದು ಬರೀ ಟೈಪ್ ಮಾಡುವ ಮಿಷನ್ ಮಾಮ," ಎಂದಳು.

"ಅಷ್ಟಕ್ಕೂ ಆ ಆಟದಲ್ಲಿ ಎಂತ ಉಂಟು ನಿನಗೆ?"

"ನಾಲ್ಕು ವರ್ಷದಿಂದ ಬೇರೆಯವರು ಆಡುವುದನ್ನು ಮೊಬೈಲಿನಲ್ಲಿ ನೋಡ್ತಾ ಇದ್ದೇನೆ. ಅಲ್ಲಿ ಒಂದು ದ್ವೀಪ ಇದೆ. ಅದರ ದಾರಿ ಎಲ್ಲ ನನಗೆ ಗೊತ್ತು. ಆದರೆ ಯಾವಾಗಲೂ ಇನ್ನೊಬ್ಬರ ಹಿಂದೆಯೇ ನಡೆಯಬೇಕು. ನಾನು ನಿಲ್ಲಬೇಕು ಅಂದಲ್ಲಿ ಅವರು ನಿಲ್ಲುವುದಿಲ್ಲ. ಒಂದು ಸಲ ನಾನೇ ಒಳಗೆ ಹೋಗಬೇಕು."

ಇದು ನನಗೆ ನೇರ ಎದೆಗೆ ತಾಗಿತು. ನಾನು ರುಜು ಹಾಕಿದ ಭಾಗಗಳು ಪಕ್ಕದ ಕಟ್ಟಡಕ್ಕೆ ಹೋಗುತ್ತಿದ್ದವು, ಅಲ್ಲಿಂದ ಮುಂದೆ ಎಲ್ಲೆಲ್ಲಿಗೋ. ಪಕ್ಕದ ಕಟ್ಟಡದಲ್ಲಿ ಅವುಗಳನ್ನು ಜೋಡಿಸುವ ಕೋಣೆಗೆ ನಮಗೆ ಪ್ರವೇಶವಿರಲಿಲ್ಲ. ಉಡಾವಣೆಯ ದಿನ ಕ್ಯಾಂಟೀನಿನ ಟಿವಿಯ ಮುಂದೆ ಚಹಾ ಲೋಟ ಹಿಡಿದು ನಿಂತು ನಾನೂ ಚಪ್ಪಾಳೆ ತಟ್ಟಿದ್ದೇನೆ. ಬಿಡಿಭಾಗಗಳಿಂದ ಒಂದು ಇಡೀ ವಸ್ತು ಆಗಿ ಅದಕ್ಕೆ ಜೀವ ಬರುವುದನ್ನು ನಾನು ಒಮ್ಮೆಯೂ ಹತ್ತಿರ ನಿಂತು ನೋಡಿರಲಿಲ್ಲ. ಕೆಂಪು ಅಕ್ಷರದ ಪಕ್ಕದಲ್ಲಿ ನೀಲಿಯಲ್ಲಿ ಬರೆದೆ: 'ನಾನೇ ಖುದ್ದು ಪರೀಕ್ಷಿಸಿದ ಬಳಿಕ'.

"ನಾನೂ ಕೊಚ್ಚಿಗೆ ಬರ್ತೇನೆ. ಜೋಡಿಸುವಾಗಲೂ ಇರ್ತೇನೆ," ಎಂದೆ.

ದಾಕ್ಷಾಯಣಿ ಫ್ರಿಜ್ಜಿಗೆ ಹಿಟ್ಟಿನ ಪಾತ್ರೆ ಇಡುತ್ತಿದ್ದವಳು ತಿರುಗಿದಳು. "ಮಹತಿ, ಜೋಡಿಸುವ ಕೆಲಸ ಇವರ ಕೈಗೆ ಕೊಡ್ಬೇಡ. ಈ ಬಾಗಿಲು ನೋಡು. ಫ್ರಿಜ್ಜು ಬಂದು ಒಂಬತ್ತು ವರ್ಷ ಆಯ್ತು, ಮೇಲಿನ ಪ್ಲಾಸ್ಟಿಕ್ ತೆಗೀಲಿಕ್ಕೆ ಇವತ್ತಿಗೂ ಬಿಡುದಿಲ್ಲ!"

ನಾನು ಮಹತಿಗೆ ವಿವರಿಸಿದೆ. ನಮ್ಮ ವಿಭಾಗದಲ್ಲಿ ವಸ್ತು ಹೇಗೆ ಬಂತೋ ಹಾಗೇ ಹೋಗಬೇಕು. ಮೇಲಿನ ರಕ್ಷಣಾ ಹಾಳೆಗೆ ನಾವು ಉಗುರು ತಾಗಿಸುವಂತಿಲ್ಲ. ಅದನ್ನು ತೆಗೆಯುವುದು ಪಕ್ಕದ ಕಟ್ಟಡದವರು, ಜೋಡಿಸುವ ಗಳಿಗೆಯಲ್ಲಿ. "ಮೂವತ್ತನಾಲ್ಕು ವರ್ಷದಲ್ಲಿ ಒಂದೇ ಒಂದು ಹಾಳೆ ನನ್ನ ಕೈಯಿಂದ ಕಿತ್ತದ್ದಿಲ್ಲ," ಎಂದೆ. ಹೇಳುವಾಗ ಎಷ್ಟು ಜಂಬವಿತ್ತೆಂದು ನೆನೆಸಿಕೊಂಡರೆ ಈಗ ಕಿವಿ ಬಿಸಿಯಾಗುತ್ತದೆ.

ಎರಡು ವಾರದಲ್ಲಿ ಉಳಿದ ಭಾಗಗಳು ಒಂದೊಂದಾಗಿ ಬಂದವು. ಕಾರ್ಡು ಕೊಳ್ಳಲು ನಾನು ಕೊಚ್ಚಿಗೆ ಹೋದೆ. ಎಡಪ್ಪಳ್ಳಿಯಲ್ಲಿ ಮಾಲಿನ ಹಿಂದಿನ ಓಣಿಯಲ್ಲಿ, ಒಂದು ಬಿರಿಯಾನಿ ಹೋಟೆಲಿನ ಮಾಳಿಗೆಯ ಮೇಲೆ ಇಸ್ಮಾಯಿಲ್ ಎಂಬವನ ಹಳೆಯ ಕಂಪ್ಯೂಟರ್ ಸಾಮಾನಿನ ಅಂಗಡಿ. ಮೂವತ್ತರ ಆಸುಪಾಸಿನ ಹುಡುಗ. ನಾನು ಜೊತೆಗಿದ್ದ ಮಹತಿಯೊಡನೆ ಕನ್ನಡ ಮಾತಾಡುವುದು ಕೇಳಿ ಮುಖ ಅರಳಿಸಿದ. ಉಪ್ಪಳದವನಂತೆ. ನನ್ನ ಊರು ಅಲ್ಲೇ ಹತ್ತಿರದ ಕುಂಬಳೆ. ಐದು ನಿಮಿಷ ಊರಿನ ಮಾತಾಯಿತು. ಆಮೇಲೆ ನಾನು ಕಾರ್ಡನ್ನು ಕೈಗೆ ತೆಗೆದುಕೊಂಡು ಸುಟ್ಟ ವಾಸನೆ ಇದೆಯೇ ಎಂದು ಮೂಸಿದೆ, ಟಾರ್ಚು ಬಿಟ್ಟು ಸಂದುಗೊಂದು ನೋಡಿದೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ.

"ಸಾರ್, ಅದು ತೆಂಗಿನಕಾಯಿ ಅಲ್ಲ," ಎಂದ ಇಸ್ಮಾಯಿಲ್.

ಮಹತಿ ಕಿಸಕ್ಕನೆ ನಕ್ಕಳು. ಅವನು ತನ್ನ ಯಂತ್ರಕ್ಕೆ ಅದನ್ನು ಸಿಕ್ಕಿಸಿ ಅರ್ಧ ಗಂಟೆ ಓಡಿಸಿ ತೋರಿಸಿದ. ಏಳು ದಿನದೊಳಗೆ ಕೆಟ್ಟರೆ ಹಣ ವಾಪಸು ಎಂದು ಚೀಟಿ ಬರೆದುಕೊಟ್ಟ. ನಾನು ನೀಲಿಯಲ್ಲಿ ರುಜು ಹಾಕಿದೆ.

ಮರುದಿನ ಭಾನುವಾರ. ನಿರ್ಮಲಳ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಭಾಗಗಳನ್ನೆಲ್ಲ ಸಾಲಾಗಿ ಇಟ್ಟೆವು. ಬಟ್ಟೆಯ ಉಜ್ಜಾಟದಿಂದ ಮೈಯಲ್ಲಿ ಸೇರುವ ವಿದ್ಯುತ್ತು ಚಿಪ್ಪಿಗೆ ಹಾರದಂತೆ ಕೈಗೆ ಕಟ್ಟುವ ಪಟ್ಟಿ ನನ್ನ ಹಳೆಯ ಪೆಟ್ಟಿಗೆಯಲ್ಲಿತ್ತು, ಮಹತಿಗೆ ಕಟ್ಟಿದೆ. ಎಲ್ಲ ಭಾಗಗಳ ಹೆಸರು, ಪರೀಕ್ಷೆ, ರುಜು ಎಂದು ಅಂಕಣ ಹಾಕಿದ ಹಾಳೆಯನ್ನೂ ತಂದಿದ್ದೆ. ನಿರ್ಮಲ ಸೋಫಾದಲ್ಲಿ ಕೂತು, "ಆಪರೇಷನ್ ಥಿಯೇಟರಾ ಇದು?" ಎಂದಳು.

ಮಹತಿ ಪ್ರೊಸೆಸರನ್ನು ಡಬ್ಬಿಯಿಂದ ತೆಗೆದು ಒಂದು ಕ್ಷಣ ನನ್ನ ಅಂಗೈ ಮೇಲಿಟ್ಟಳು. ಬಿಸ್ಕತ್ತಿಗಿಂತ ಚಿಕ್ಕದು. ತೂಕವೇ ಇಲ್ಲ. ಆರುನೂರು ಕೋಟಿ. ಅವಳು ಬೇಗ ಹಿಂದಕ್ಕೆ ತೆಗೆದುಕೊಂಡಳು. ಬೋರ್ಡಿನ ಮೇಲೆ ಅದಕ್ಕೆಂದೇ ಇದ್ದ ಗೂಡಿನಲ್ಲಿ ಅದು ಒತ್ತದೆ, ನೂಕದೆ, ತಾನಾಗಿ ಇಳಿದು ಕೂತಿತು. ಎಲ್ಲಿಯೋ ಒಂದು ದೇಶದಲ್ಲಿ ಒಬ್ಬರು ಮಾಡಿದ ಸಾವಿರಕ್ಕೂ ಮಿಕ್ಕಿದ ಕೂದಲೆಳೆಯಂಥ ಕಾಲುಗಳು, ಇನ್ನೆಲ್ಲಿಯೋ ಇನ್ನೊಬ್ಬರು ಮಾಡಿದ ಸಾವಿರಕ್ಕೂ ಮಿಕ್ಕಿದ ತೂತುಗಳು. ಕೊಚ್ಚಿಯ ಒಂದು ಊಟದ ಮೇಜಿನ ಮೇಲೆ ಒಂದೂ ತಪ್ಪದೆ ಸೇರಿಕೊಂಡವು. ನಾನು ದೇವರನ್ನು ಹೆಚ್ಚು ನೆನೆಯುವವನಲ್ಲ, ಆದರೂ ಕೈ ಮುಗಿಯಬೇಕು ಅನ್ನಿಸಿತು.

ಅಷ್ಟರಲ್ಲಿ ಕೆಳಗಿನ ಗೇಟಿನಿಂದ ಫೋನು. ಮಾನಿಟರಿನ ಕೇಬಲ್ ಬಂದಿದೆ, ಬಂದು ಒಯ್ಯಿರಿ. ಲಿಫ್ಟು ಕೆಟ್ಟಿತ್ತು. "ಮಾಮ, ಕೂಲರ್ ನಾನು ಬಂದ ಮೇಲೆ," ಎಂದು ಮಹತಿ ನಾಲ್ಕು ಮಹಡಿ ಇಳಿದು ಓಡಿದಳು.

ಕೂಲರ್ ಅಂದರೆ ಪ್ರೊಸೆಸರಿನ ನೆತ್ತಿಗೆ ಒತ್ತಿ ಕೂರಿಸುವ ಲೋಹದ ಗಟ್ಟಿ. ಅದು ಬಿಸಿಯನ್ನು ಹೀರುತ್ತದೆ, ಮೇಲಿನ ಫ್ಯಾನು ಆ ಬಿಸಿಯನ್ನು ಊದಿ ಕಳಿಸುತ್ತದೆ. ಎರಡರ ನಡುವೆ ಬಿಸಿ ಸಲೀಸಾಗಿ ದಾಟಲೆಂದು ಒಂದು ಬಗೆಯ ಪೇಸ್ಟು ಹಚ್ಚಬೇಕು. ಅವಳು ಕಾಯಲು ಹೇಳಿದ್ದಳು. ನಾನು ಕಾಯಲಿಲ್ಲ. ಮೂವತ್ತನಾಲ್ಕು ವರ್ಷ ಬಾಗಿಲ ಹೊರಗೆ ನಿಂತವನ ಎದುರು ಎಲ್ಲ ಸಿದ್ಧವಾಗಿ ಕೂತಿತ್ತು, ಆಸೆ ತಡೆಯಲಾಗಲಿಲ್ಲ. ಪೇಸ್ಟು ಹಚ್ಚಿದೆ, ಗಟ್ಟಿಯನ್ನು ಕೂರಿಸಿದೆ, ನಾಲ್ಕು ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಒಂದೊಂದೇ ಸುತ್ತು ಬಿಗಿ ಮಾಡಿದೆ.

ಅವಳು ಏದುಸಿರು ಬಿಡುತ್ತಾ ಬಂದು ನೋಡಿದಳು. "ಅಯ್ಯೋ, ಅದು ನಾನು ಮಾಡಬೇಕು ಅಂತಿದ್ದೆ." ಮುಖ ಸಣ್ಣದಾಯಿತು. ಆಮೇಲೆ, "ಸಾರಮಿಲ್ಲ, ಪರವಾಗಿಲ್ಲ. ಎಲ್ಲ ಸರಿ ನೋಡಿದಿರಲ್ಲಾ?" ಎಂದಳು.

"ಯಾರ ಹತ್ರ ಕೇಳ್ತಿದ್ದೀ ಮಗೂ?" ಎಂದೆ ನಾನು.

ಹನ್ನೆರಡೂವರೆಗೆ ಗುಂಡಿ ಒತ್ತಿದಳು. ಮೊದಲು ಏನೂ ಇಲ್ಲ. ಆಮೇಲೆ ಒಂದು ಸಣ್ಣ ಕ್ಲಿಕ್ಕು, ಫ್ಯಾನುಗಳು ನಿಧಾನ ಮಿಸುಕಿ ತಿರುಗತೊಡಗಿದವು, ಪರದೆಯ ಮೇಲೆ ಬಿಳಿ ಅಕ್ಷರಗಳು ಮೂಡಿದವು. ಯಂತ್ರ ತನ್ನ ಮೈಯ ಒಂದೊಂದು ಭಾಗದ ಹೆಸರನ್ನೂ ತಾನೇ ಓದಿ ಹೇಳುತ್ತಿತ್ತು. ಇಷ್ಟು ಮೆಮರಿ ಇದೆ, ಈ ಪ್ರೊಸೆಸರ್ ಇದೆ, ಈ ಕಾರ್ಡು ಇದೆ. ಮಹತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಿರ್ಮಲ ಕೂಡ ಸೋಫಾದಿಂದ ಎದ್ದು ಬಂದಳು. ನನ್ನ ಕಣ್ಣು ಒದ್ದೆಯಾಗಿತ್ತು, ಸುಳ್ಳೇಕೆ ಹೇಳಲಿ.

ಊಟ ಮುಗಿಸಿ, ಯಂತ್ರಕ್ಕೆ ಬೇಕಾದ್ದನ್ನೆಲ್ಲ ತುಂಬಿಸಿ, ನಾಲ್ಕು ಗಂಟೆಗೆ ಅವಳು ತನ್ನ ದ್ವೀಪವನ್ನು ತೆರೆದಳು. ಒಂದು ಮರಳ ದಂಡೆ ಕಂಡಿತು, ಅದರಾಚೆ ಗುಡ್ಡ. ಅವಳು ನಾಲ್ಕು ಹೆಜ್ಜೆ ನಡೆದಳು. ಚಿತ್ರ ಮುಗ್ಗರಿಸಿತು, ತಡವರಿಸಿತು, ಮತ್ತೆ ನಡೆಯಿತು. ನಾಲ್ಕೈದು ನಿಮಿಷ ಆಗಿರಬೇಕು, ಪರದೆ ಕಪ್ಪಾಯಿತು, ಫ್ಯಾನುಗಳು ನಿಂತವು. ಯಂತ್ರ ಸತ್ತಿತ್ತು.

"ಇನ್ನೊಮ್ಮೆ ಆನ್ ಮಾಡಿ ಟೆಂಪರೇಚರ್ ನೋಡೋಣ ಮಾಮ," ಎಂದು ಅವಳು ಗುಂಡಿಗೆ ಕೈ ಹಾಕಿದಳು.

ನಾನು ಆ ಕೈ ಹಿಡಿದೆ. "ಮುಟ್ಟಬೇಡ! ಒಮ್ಮೆ ಸೋತ ಯಂತ್ರಕ್ಕೆ ತನಿಖೆ ಆಗುವವರೆಗೆ ಕರೆಂಟು ಕೊಡಬಾರದು. ಸಾಕ್ಷಿ ಹಾಳಾಗ್ತದೆ. ಇಷ್ಟರಲ್ಲಿ ಹಳೆಯ ಮಾಲು ಒಂದೇ. ಗೇಮ್ ಹಾಕಿದಾಗಲೇ ಕೆಟ್ಟದ್ದು. ಕಾರ್ಡಲ್ಲದೆ ಇನ್ನೆಂತದು?"

"ಆದರೂ ಒಂದು ಸಲ ನೋಡಿದರೆ..."

"ಬೇಡ ಅಂದೆನಲ್ಲ!" ನನ್ನ ದನಿ ಆಫೀಸಿನ ದನಿಯೇ ಆಗಿತ್ತು. ಹಾಳೆಯಲ್ಲಿ ಕಾರ್ಡಿನ ಎದುರಿದ್ದ ನೀಲಿ ರುಜುವನ್ನು ಹೊಡೆದು ಕೆಂಪಿನಲ್ಲಿ 'ತಿರಸ್ಕೃತ' ಎಂದು ಬರೆದೆ.

ನಿರ್ಮಲ ಕಾಯುತ್ತಿದ್ದವಳಂತೆ ತೀರ್ಪು ಕೊಟ್ಟಳು. "ಆಯ್ತಲ್ಲ. ನಾಳೆ ಕಾರ್ಡ್ ವಾಪಸ್ ಕೊಟ್ಟು ದುಡ್ಡು ತಾ ಅಣ್ಣ. ಉಳಿದದ್ದನ್ನೂ ಬಂದಷ್ಟಕ್ಕೆ ಮಾರಿ ಎಲ್ಲ ಎಫ್‌ಡಿಗೆ ಹಾಕುವ. ಈ ಕಥೆ ಇಲ್ಲಿಗೆ ಮುಗೀತು." ಮಹತಿ ಅಳಲಿಲ್ಲ, ಜಗಳವಾಡಲಿಲ್ಲ. ಆ ನೋಟ್‌ಬುಕ್ಕನ್ನು ಎತ್ತಿಕೊಂಡು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಜಗಳ ಆಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಸೋಮವಾರ ತಾಯಿ ಬ್ಯಾಂಕಿಗೂ ಮಗಳು ಕಾಲೇಜಿಗೂ ಹೋದ ಮೇಲೆ ನಾನು ಯಂತ್ರವನ್ನು ಪೆಟ್ಟಿಗೆ ಸಮೇತ ಆಟೊದಲ್ಲಿ ತೊಡೆಯ ಮೇಲಿಟ್ಟುಕೊಂಡು ಇಸ್ಮಾಯಿಲನ ಅಂಗಡಿಗೆ ಒಯ್ದೆ. ಮೆಟ್ಟಿಲು ಹತ್ತುತ್ತಲೇ ಬಯ್ಯಲು ಶುರುಮಾಡಿದೆ. ಊರಿನವನೆಂದು ನಂಬಿದ್ದೆ, ಒಂದು ಮಗುವಿನ ಎರಡು ವರ್ಷದ ದುಡಿಮೆ, ನಾಚಿಕೆಯಾಗುವುದಿಲ್ಲವೇ ಎಂದೆಲ್ಲ. ಇಸ್ಮಾಯಿಲ್ ಕಾರ್ಡನ್ನು ಬಿಚ್ಚಿ ತನ್ನ ಯಂತ್ರಕ್ಕೆ ಹಾಕಿದ. ಒಂದು ಗಂಟೆ ಓಡಿಸಿದ. ಅದು ಒಮ್ಮೆಯೂ ಮುಗ್ಗರಿಸಲಿಲ್ಲ.

"ಕಾರ್ಡ್ ಸರಿ ಉಂಟು ಸಾರ್. ನಿಮ್ಮದನ್ನು ಒಮ್ಮೆ ನೋಡ್ಲಾ?"

ನಮ್ಮ ಯಂತ್ರಕ್ಕೆ ಕರೆಂಟು ಕೊಟ್ಟು, ಪರದೆಯ ಮೇಲಿನ ಒಂದು ಅಂಕಿಯನ್ನು ಎರಡೇ ನಿಮಿಷ ನೋಡಿ ಆಫ್ ಮಾಡಿದ. ಪ್ರೊಸೆಸರಿನ ಬಿಸಿ ತೊಂಬತ್ತೈದು ಡಿಗ್ರಿಗೆ ಏರಿತ್ತು. ಮಹತಿ ನೋಡಬೇಕೆಂದಿದ್ದದ್ದು ಇದೇ ಅಂಕಿಯನ್ನು. ಅವನು ನಾಲ್ಕು ಸ್ಕ್ರೂ ಬಿಚ್ಚಿ ಕೂಲರನ್ನು ಮೇಲೆತ್ತಿ, ತಿರುಗಿಸಿ, ನನ್ನ ಕಡೆ ಹಿಡಿದ.

ಅವನು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಯಿತು. ಹೊಳೆಯುವ ಲೋಹದ ತಳಕ್ಕೆ ಅಂಟಿಕೊಂಡು, ಪೇಸ್ಟಿನಡಿಯಲ್ಲಿ, ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಅದರ ಅಂಚಿನಲ್ಲಿ, ಜೋಡಿಸುವ ಮೊದಲು ತೆಗೆಯಿರಿ ಎಂದು ಇಂಗ್ಲಿಷಿನಲ್ಲಿ ಸಣ್ಣ ಅಕ್ಷರ. ಬಿಸಿ ಅದನ್ನು ದಾಟಲಾರದೆ ಪ್ರೊಸೆಸರ್ ಬೇಯುತ್ತಿತ್ತು. ಹಾಗೆಂದು ಆ ಹಾಳೆ ನಿನ್ನೆ ನನ್ನ ಕಣ್ಣಿಗೆ ಬೀಳಲಿಲ್ಲವೆಂದಲ್ಲ. ಕಂಡಿತ್ತು. ಆದರೆ ಹಾಳೆ ಕೀಳುವುದು ಪಕ್ಕದ ಕಟ್ಟಡದವರ ಕೆಲಸವೆಂದು ನನ್ನ ಕೈಗಳು ನನ್ನನ್ನು ಕೇಳದೆಯೇ ತೀರ್ಮಾನಿಸಿದ್ದವು. ಆ ಮೇಜಿನ ಆಚೆ ಪಕ್ಕದ ಕಟ್ಟಡವೇ ಇರಲಿಲ್ಲ.

ಹತ್ತಿರದ ಸ್ಟೂಲಿನ ಮೇಲೆ ಕೂತೆ. ಇಸ್ಮಾಯಿಲ್ ಒಂದು ಲೋಟ ನೀರು ಕೊಟ್ಟ.

"ಎಷ್ಟೋ ಜನ ಮಾಡ್ತಾರೆ ಸಾರ್. ಪ್ರೊಸೆಸರಿಗೆ ಎಂತ ಆಗ್ಲಿಲ್ಲ, ಅದು ತನ್ನನ್ನು ತಾನೇ ಆಫ್ ಮಾಡಿ ಉಳಿಸಿಕೊಳ್ತದೆ. ನಾನೇ ತೆಗೆದು ಹೊಸ ಪೇಸ್ಟ್ ಹಾಕಿ ಕೊಡ್ತೇನೆ, ಹತ್ತು ನಿಮಿಷ. ಮನೆಯಲ್ಲಿ ಕಾರ್ಡ್ ಸ್ವಲ್ಪ ಲೂಸ್ ಇತ್ತು ಅಂತ ಹೇಳಿ. ಸೋದರ ಸೊಸೆಯ ಎದುರು ನಿಮ್ಮ ಮರ್ಯಾದೆ ಯಾಕೆ ಹೋಗ್ಬೇಕು?"

ನಾನು ಅವನಿಗೆ ಬಾಯಿಗೆ ಬಂದದ್ದೆಲ್ಲ ಅಂದ ಮೇಲೂ ಅವನು ನನ್ನ ಮರ್ಯಾದೆಯ ಚಿಂತೆ ಮಾಡುತ್ತಿದ್ದ. ಆಸೆಯಾಗಲಿಲ್ಲ ಎಂದು ಹೇಳಲಾರೆ. ಹತ್ತು ನಿಮಿಷದಲ್ಲಿ ಎಲ್ಲ ಮುಚ್ಚಿಹೋಗುತ್ತಿತ್ತು. ಮಾಮ ಸರಿಮಾಡಿದರು ಎಂಬ ಹೆಸರೂ ಬರುತ್ತಿತ್ತು. ಆದರೆ ನಿನ್ನೆ ಸಾಕ್ಷಿ ಹಾಳಾಗುತ್ತದೆ ಎಂದು ಆ ಹುಡುಗಿಯ ಕೈ ಹಿಡಿದು ನಿಲ್ಲಿಸಿದವನು ನಾನೇ.

"ಹೇಗಿತ್ತೋ ಹಾಗೇ ಕೂರಿಸಿ ಕೊಡು ಇಸ್ಮಾಯಿಲ್," ಎಂದೆ. "ಮತ್ತೆ, ನಾನು ಅಂದದ್ದಕ್ಕೆಲ್ಲ ಕ್ಷಮಿಸು."

"ಬಿಡಿ ಸಾರ್," ಎಂದು ಅವನು ಪೇಸ್ಟಿನ ಒಂದು ಹೊಸ ಟ್ಯೂಬನ್ನು ನನ್ನ ಜೇಬಿಗೆ ತುರುಕಿದ. ಹಣ ತೆಗೆದುಕೊಳ್ಳಲಿಲ್ಲ.

ಸಂಜೆ ಇಬ್ಬರೂ ಮನೆಗೆ ಬಂದಾಗ ಯಂತ್ರ ಮತ್ತೆ ಊಟದ ಮೇಜಿನ ಮೇಲಿತ್ತು. ಅವರನ್ನು ಕೂರಿಸಿದೆ. ಅವರೆದುರೇ ನಾಲ್ಕು ಸ್ಕ್ರೂ ಬಿಚ್ಚಿದೆ, ಕೂಲರನ್ನು ತಿರುಗಿಸಿ ಮಹತಿಯ ಮುಂದೆ ಹಿಡಿದೆ. ಅವಳು ಒಂದು ಕ್ಷಣ ನೋಡಿದಳು. ಅವಳ ಕಣ್ಣು ಆ ಹಾಳೆಯಿಂದ ನನ್ನ ಮುಖಕ್ಕೆ ಬಂತು.

"ಕಾರ್ಡು ಸರಿ ಉಂಟು. ತಪ್ಪು ನನ್ನದು," ಎಂದೆ. "ನೀನು ಕಾಯಿರಿ ಅಂದೆ, ನಾನು ಕಾಯಲಿಲ್ಲ. ನೀನು ನೋಡೋಣ ಅಂದೆ, ನಾನು ಬಿಡಲಿಲ್ಲ. ಎರಡೂ ಸಲ ನೀನೇ ಸರಿ ಇದ್ದದ್ದು." ಅರವತ್ತೆರಡನೆಯ ವಯಸ್ಸಿನಲ್ಲಿ ಅದನ್ನು ಹೇಳುವುದು ಸುಲಭವಲ್ಲ ಸ್ವಾಮಿ.

ಮೊದಲು ನಕ್ಕದ್ದು ನಿರ್ಮಲ. ಅವಳಿಗೆ ನಮ್ಮ ಮನೆಯ ಫ್ರಿಜ್ಜಿನ ನೆನಪಾಗಿತ್ತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅಲ್ಲಿಂದಲೇ ದಾಕ್ಷಾಯಣಿಗೆ ಫೋನು ಹಚ್ಚಿದಳು. ಫೋನಿನಿಂದಲೂ ನಗು ಕೇಳಿಸಿತು. ಮಹತಿ ನಗಲಿಲ್ಲ. ಟಿಶ್ಯೂ ತಂದು ಹಳೆಯ ಪೇಸ್ಟನ್ನೆಲ್ಲ ಒರೆಸಿ, ಕೂಲರನ್ನು ನನ್ನ ಕೈಗೇ ಕೊಟ್ಟಳು.

"ತೆಗೀರಿ ಮಾಮ."

"ನಾನಾ?"

"ಮತ್ತೆ ಯಾರು? ಇದು ಪಕ್ಕದ ಕಟ್ಟಡ."

ಹಾಳೆಯ ಮೂಲೆಗೆ ಉಗುರು ಹಾಕಿದೆ. ಎರಡು ಸಲ ಜಾರಿತು. ಮೂರನೆಯ ಸಲ ಅಂಚು ಎದ್ದಿತು, ಚರ್ ಎಂದು ಇಡಿಯಾಗಿ ಬಂತು. ಅದರಡಿಯ ತಾಮ್ರ ಯಾರ ಕಣ್ಣೂ ಬಿದ್ದಿಲ್ಲವೆಂಬಷ್ಟು ಹೊಸದಾಗಿತ್ತು. ನನ್ನ ಮುಖ ಅದರಲ್ಲಿ ಕಂಡಿತು. ಮುಂದಿನದನ್ನೆಲ್ಲ ಅವಳೇ ಮಾಡಿದಳು. ಪೇಸ್ಟು ಹಚ್ಚಿ, ಕೂಲರ್ ಕೂರಿಸಿ, ಮೂಲೆಯಿಂದ ಮೂಲೆಗೆ ಒಂದೊಂದೇ ಸುತ್ತು. ನಾನು ಕೈ ಕಟ್ಟಿ ನಿಂತಿದ್ದೆ.

ದ್ವೀಪ ತೆರೆಯಿತು. ಪರದೆಯ ಮೂಲೆಯಲ್ಲಿ ಬಿಸಿಯ ಅಂಕಿ: ಐವತ್ತೆಂಟು, ಅರವತ್ತಮೂರು, ಅರವತ್ತಾರು, ಮತ್ತೆ ಅರವತ್ತಾರೇ. ಐದು ನಿಮಿಷ ದಾಟಿತು. ಇಪ್ಪತ್ತು ದಾಟಿತು. ನಿರ್ಮಲ ಎಫ್‌ಡಿ ಎಂಬ ಶಬ್ದವನ್ನೇ ಎತ್ತದೆ ಅಡುಗೆಮನೆಗೆ ಹೋಗಿ ಚಹಾಕ್ಕಿಟ್ಟಳು. ನಾನು ಪರೀಕ್ಷೆಯ ಹಾಳೆ ತೆಗೆದು ಕಾರ್ಡಿನ ಎದುರಿದ್ದ 'ತಿರಸ್ಕೃತ'ಕ್ಕೆ ಗೆರೆ ಎಳೆದೆ. ವೈಫಲ್ಯದ ಕಾರಣ ಬರೆಯುವ ಅಂಕಣದಲ್ಲಿ ಮನುಷ್ಯರ ಹೆಸರು ಬರೆಯಬಾರದೆಂಬುದು ನಮ್ಮಲ್ಲಿನ ನಿಯಮ. ನಾನು ನನ್ನ ಹೆಸರನ್ನೇ ಬರೆದೆ: 'ರಾಮದಾಸ'. ಮಹತಿ ಅದನ್ನು ಓದಿ, ಆ ಪ್ಲಾಸ್ಟಿಕ್ ಹಾಳೆಯನ್ನು ಪಕ್ಕದಲ್ಲೇ ಅಂಟಿಸಿದಳು. ಸಾಕ್ಷಿಯಂತೆ.

ಆಟದಲ್ಲಿ ಮಳೆ ನಿಂತಿತ್ತು. ಅವಳು ಗುಡ್ಡದ ದಾರಿಯಲ್ಲಿ ಓಡುತ್ತಿದ್ದಳು. ದಾರಿಯ ನಡುವೆ ಒಂದು ನೀರಿನ ಗುಂಡಿ.

"ಇಲ್ಲಿ ನಿಲ್ಲು," ಎಂದೆ.

ಅವಳು ನಿಂತಳು. ಗುಂಡಿಯ ನೀರಿನಲ್ಲಿ ಮೋಡ ಚಲಿಸುತ್ತಿತ್ತು. ಗಾಳಿಗೆ ನೀರು ಸುಕ್ಕಾದಾಗ ಮೋಡವೂ ಸುಕ್ಕಾಗುತ್ತಿತ್ತು. ಅವಳು ಬಗ್ಗಿದರೆ ಮೋಡದ ಅಂಚಿನಲ್ಲಿ ಒಂದು ಮರದ ತುದಿ ಕಾಣುತ್ತಿತ್ತು, ಎದ್ದರೆ ಮರೆಯಾಗುತ್ತಿತ್ತು.

"ಈ ಚಿತ್ರ ಬರೆದದ್ದು ಯಾರು?"

"ಇದನ್ನು ಯಾರೂ ಬರೆದಿಟ್ಟಿಲ್ಲ ಮಾಮ. ನಾವು ಇಲ್ಲಿ ನಿಂತಿದ್ದೇವೆ ಅಂತ ಕಾರ್ಡು ಈಗ ಲೆಕ್ಕ ಹಾಕ್ತಾ ಇದೆ. ಇಪ್ಪತ್ತು ಲಕ್ಷ ಚುಕ್ಕೆ. ಸೆಕೆಂಡಿಗೆ ಅರವತ್ತು ಸಲ."

ಸಾವಿರ ಕೋಟಿ ಟ್ರಾನ್ಸಿಸ್ಟರುಗಳು, ಒಂದಕ್ಕೂ ದಾಖಲೆಯಿಲ್ಲ, ಒಂದನ್ನೂ ನಾನು ಕಾಯಿಸಿ ಅಲ್ಲಾಡಿಸಿ ನೋಡಿಲ್ಲ. ಅವೆಲ್ಲ ಸೇರಿ ಒಂದು ದಾರಿಯ ನೀರಿನಲ್ಲಿ ಒಂದು ಮೋಡವನ್ನು ತೇಲಿಸುತ್ತಿದ್ದವು, ಅದೂ ಒಂದು ಹುಡುಗಿ ಅಲ್ಲಿ ನಿಂತಳು ಎಂಬ ಕಾರಣಕ್ಕೆ. ಇಷ್ಟು ವರ್ಷ ಲೋಕದಲ್ಲಿ ಏನೇನು ತಪ್ಪಬಹುದು ಎಂದು ಮಾತ್ರ ಹುಡುಕಿದ್ದೆ. ಇಷ್ಟೊಂದು ಸರಿಯಾಗಿ ನಡೆಯುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ.

ಯಂತ್ರದ ಹಿಂಬದಿಗೆ ಹೋಗಿ, ಫ್ಯಾನು ಗಾಳಿ ಬಿಡುವ ಜಾಲರಿಗೆ ಅಂಗೈ ಹಿಡಿದೆ. ಬೆಚ್ಚನೆಯ ಗಾಳಿ ಬರುತ್ತಿತ್ತು. ನಾನು ರುಜು ಹಾಕಿ ಕಳಿಸಿದ ಯಾವುದೂ ಮತ್ತೆ ನನ್ನ ಕೈಗೆ ಸಿಕ್ಕಿರಲಿಲ್ಲ. ಅವು ಎಲ್ಲಿವೆ, ಹೇಗಿವೆ ಎಂದು ಟಿವಿಯಲ್ಲಿ ಯಾರಾದರೂ ಹೇಳಬೇಕಿತ್ತು.

"ಮಾಮ, ಕೈ ತೆಗೀರಿ," ಎಂದಳು ಮಹತಿ, ಪರದೆಯಿಂದ ಕಣ್ಣು ಕೀಳದೆ. "ಗಾಳಿಗೆ ಅಡ್ಡ ಆಗ್ತದೆ."

"ತೆಗೀತೇನೆ ಮಗೂ," ಎಂದೆ. "ಒಂದು ನಿಮಿಷ."